ಎಲ್ಲೆಯಾಚೆಯ ಜೀವಿಗಳು: ಹೀಬ್ರೂ ಧರ್ಮಗ್ರಂಥದಲ್ಲಿ ಕಾಡುಪ್ರಾಣಿಗಳ ಸಾಂಕೇತಿಕತೆ

ಕನ್ನಡದ ಓದುಗರು ‘ಹಳೆಯ ಒಡಂಬಡಿಕೆ’ ಎಂಬ ಹೆಸರಿನಲ್ಲಿ ಬಲ್ಲ ಹೀಬ್ರೂ ಧರ್ಮಗ್ರಂಥವನ್ನು ಯೆಹೂದ್ಯರು ‘ತನಖ್’ ಎಂದು ಕರೆಯುತ್ತಾರೆ. ಧರ್ಮಶಾಸ್ತ್ರ, ಪ್ರವಾದಿಗಳ ಗ್ರಂಥಗಳು, ಇತರ ಬರಹಗಳು ಎಂಬ ಮೂರು ಭಾಗಗಳ ಈ ಸಂಗ್ರಹ ಹಲವು ಶತಮಾನಗಳಲ್ಲಿ ಬೆಳೆದದ್ದು. ಕುರಿ ಕಾಯುವವರು, ಅರಮನೆಯ ಲಿಪಿಕಾರರು, ದೇವಾಲಯದ ಯಾಜಕರು, ಊರು ಕಳೆದುಕೊಂಡು ಸೆರೆಹೋದವರು ಹೀಗೆ ಬಗೆಬಗೆಯ ಜನರ ಅನುಭವ ಅದರೊಳಗೆ ಸೇರಿದೆ. ಇಂಥ ಗ್ರಂಥದಲ್ಲಿ ಬರುವ ಸಿಂಹ, ಕರಡಿ, ಚಿರತೆ, ನರಿಗಳಿಗೆ ಒಂದೊಂದಕ್ಕೆ ಒಂದೊಂದು ಅರ್ಥವನ್ನು ಗೊತ್ತುಮಾಡಿ, ಸಿಂಹವೆಂದರೆ ಅರಸುತನ, ನರಿಯೆಂದರೆ ಕುಟಿಲತೆ ಎಂದು ಪಟ್ಟಿ ಬರೆಯುವ ರೂಢಿ ಮಧ್ಯಯುಗದ ಯುರೋಪಿನ ಪ್ರಾಣಿಕೋಶಗಳಲ್ಲಿ ಬಲವಾಗಿ ಬೇರೂರಿತು, ಮತ್ತು ಇಂದಿನ ಅನೇಕ ಕೈಪಿಡಿಗಳೂ ಅದನ್ನೇ ಮುಂದುವರಿಸಿವೆ. ಆದರೆ ಗ್ರಂಥದೊಳಗೆ ಒಂದೇ ಸಿಂಹ ಒಂದೆಡೆ ಶತ್ರು, ಇನ್ನೊಂದೆಡೆ ಅರಸ, ಮತ್ತೊಂದೆಡೆ ಸ್ವತಃ ದೇವರು. ಈ ವೈವಿಧ್ಯದ ಕೆಳಗೆ ಹರಿಯುವ ವಿಚಾರ ಒಂದುಂಟು: ಮನುಷ್ಯನ ಅಧಿಕಾರ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಕಾಡುಪ್ರಾಣಿ ತೋರಿಸಿಕೊಡುತ್ತದೆ.

ಹೀಬ್ರೂ ಭಾಷೆಯಲ್ಲಿ ಸಾಕುಪ್ರಾಣಿಗೆ ಸಾಮಾನ್ಯವಾಗಿ ‘ಬೆಹೇಮಾ’ ಎಂದೂ ಕಾಡುಪ್ರಾಣಿಗೆ ‘ಹಯ್ಯಾ’, ಅಂದರೆ ಜೀವವುಳ್ಳದ್ದು, ಎಂದೂ ಹೆಸರು. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಇವೆರಡೂ ಮನುಷ್ಯನು ಸೃಷ್ಟಿಯಾದ ಆರನೆಯ ದಿನವೇ, ಆದರೆ ಬೇರೆ ಬೇರೆ ಗುಂಪುಗಳಾಗಿ, ಹುಟ್ಟುತ್ತವೆ. ಈ ವಿಂಗಡಣೆಯ ತೂಕ ಬಲಿಪೀಠದ ಬಳಿ ತಿಳಿಯುತ್ತದೆ. ದನ, ಕುರಿ, ಆಡು, ಪಾರಿವಾಳಗಳನ್ನು ದೇವರಿಗೆ ಅರ್ಪಿಸಬಹುದು. ಜಿಂಕೆ ದುಪ್ಪಿಗಳು ತಿನ್ನಲು ಶುದ್ಧವೆಂದು ಧರ್ಮೋಪದೇಶಕಾಂಡ ಒಪ್ಪಿದರೂ ಬಲಿಗೆ ಅವು ಸಲ್ಲುವುದಿಲ್ಲ. ಬೇಟೆಯಲ್ಲಿ ಕೊಂದ ಪ್ರಾಣಿಯ ರಕ್ತವನ್ನು ನೆಲಕ್ಕೆ ಸುರಿದು ಮಣ್ಣು ಮುಚ್ಚಬೇಕೆಂದು ಯಾಜಕಕಾಂಡದ 17ನೆಯ ಅಧ್ಯಾಯ ವಿಧಿಸುತ್ತದೆ. ತಾನು ಸಾಕಿ ಬೆಳೆಸಿದ್ದನ್ನು ಮಾತ್ರ ಮನುಷ್ಯ ತನ್ನದೆಂದು ಕೊಡಬಲ್ಲ. ಅಡವಿಯ ಮೃಗಗಳೆಲ್ಲ ಆಗಲೇ ದೇವರ ಸೊತ್ತು ಎಂಬುದು 50ನೆಯ ಕೀರ್ತನೆಯ ನಿಲುವು. ಕಾಡುಪ್ರಾಣಿಯ ಸಾಂಕೇತಿಕತೆಯ ಬುನಾದಿ ಈ ಒಡೆತನದ ಪ್ರಶ್ನೆಯಲ್ಲಿದೆ.

ನೆಲದ ಸ್ವರೂಪವೂ ಈ ಭಾವನೆಯನ್ನು ಗಟ್ಟಿಮಾಡಿತು. ಪ್ರಾಚೀನ ಇಸ್ರಾಯೇಲ್ ಮತ್ತು ಯೆಹೂದ ರಾಜ್ಯಗಳು ಸಮುದ್ರಕ್ಕೂ ಮರುಭೂಮಿಗೂ ನಡುವಿನ ಇಕ್ಕಟ್ಟಾದ ಗುಡ್ಡಗಾಡಿನಲ್ಲಿದ್ದವು; ಯೆರೂಸಲೇಮಿನಿಂದ ಪೂರ್ವಕ್ಕೆ ಸ್ವಲ್ಪ ದೂರ ನಡೆದರೆ ಬರಡು ನೆಲ, ಅದರಾಚೆ ಯೊರ್ದನ್ ನದಿಯ ದಟ್ಟಡವಿ. ಆ ಅಡವಿಯಿಂದ ಸಿಂಹ ಹುಲ್ಲುಗಾವಲಿಗೆ ಏರಿಬರುವ ಚಿತ್ರವನ್ನು ಯೆರೆಮೀಯನ ಗ್ರಂಥ ಮತ್ತೆ ಮತ್ತೆ ಬಳಸುತ್ತದೆ. ಉಳುವ ನೆಲದ ಅಂಚು ಯಾವಾಗಲೂ ಹತ್ತಿರದಲ್ಲೇ ಇತ್ತು, ಮತ್ತು ಅದು ಕದಲುತ್ತಿತ್ತು. ವಿಮೋಚನಕಾಂಡದ 23ನೆಯ ಅಧ್ಯಾಯದಲ್ಲಿ ನಾಡಿನ ಮೊದಲ ನಿವಾಸಿಗಳನ್ನು ಒಂದೇ ವರ್ಷದಲ್ಲಿ ಹೊರಡಿಸುವುದಿಲ್ಲವೆಂದು ದೇವರು ಹೇಳುವುದಕ್ಕೆ ಕೊಟ್ಟಿರುವ ಕಾರಣ, ಜನರಿಲ್ಲದ ನೆಲದಲ್ಲಿ ಕಾಡುಮೃಗಗಳು ಹೆಚ್ಚಿಬಿಡುತ್ತವೆ ಎಂಬುದು. ಅದೇ ಅಧ್ಯಾಯ, ಏಳನೆಯ ವರ್ಷ ಹೊಲವನ್ನು ಬೀಳುಬಿಟ್ಟಾಗ ಬಡವರು ತಿಂದು ಮಿಕ್ಕದ್ದು ಕಾಡುಪ್ರಾಣಿಗಳಿಗೆ ಸೇರಬೇಕೆಂದೂ ವಿಧಿಸುತ್ತದೆ. ಭಯವೂ ಪಾಲು ಕೊಡುವ ಕರ್ತವ್ಯವೂ ಒಂದೇ ಶಾಸನದಲ್ಲಿ ಅಕ್ಕಪಕ್ಕ ಇರುವುದು ಗಮನಕ್ಕೆ ಅರ್ಹವಾದದ್ದು.

ಸಿಂಹದ ವಿಚಾರ ಎಲ್ಲಕ್ಕಿಂತ ಶ್ರೀಮಂತವಾದದ್ದು, ಆದ್ದರಿಂದ ಅದಕ್ಕೆ ಹೆಚ್ಚು ಜಾಗ ಸಲ್ಲಬೇಕು. ಆ ಪ್ರಾಣಿಯನ್ನು ವಯಸ್ಸು, ಸ್ವಭಾವಗಳಿಗೆ ತಕ್ಕಂತೆ ಸೂಚಿಸಲು ಹೀಬ್ರೂ ಭಾಷೆಯಲ್ಲಿ ಹಲವು ಹೆಸರುಗಳಿದ್ದು, ಯೋಬನ ಗ್ರಂಥದ 4ನೆಯ ಅಧ್ಯಾಯದ ಎರಡೇ ವಚನಗಳಲ್ಲಿ ಐದು ಹೆಸರುಗಳು ಸಾಲಾಗಿ ಬರುತ್ತವೆ. ಜನ ಅದನ್ನು ಕಣ್ಣಾರೆ ಕಂಡವರು ಎಂಬುದಕ್ಕೆ ಆಮೋಸನ ಮಾತು ಸಾಕ್ಷಿ. ಕ್ರಿ.ಪೂ. 8ನೆಯ ಶತಮಾನದ ಈ ಪ್ರವಾದಿ ತೆಕೋವದ ಕುರಿಗಾಹಿ; ಇಸ್ರಾಯೇಲ್ ರಾಜ್ಯದ ರಾಜಧಾನಿ ಸಮಾರ್ಯದ ಸಿರಿವಂತರಲ್ಲಿ ಉಳಿಯುವವರು ಎಷ್ಟು ಮಂದಿ ಎಂಬುದಕ್ಕೆ ಅವನು ಕೊಡುವ ಹೋಲಿಕೆ, ಸಿಂಹದ ಬಾಯಿಂದ ಕುರುಬನು ಕಿತ್ತುಕೊಳ್ಳುವ ಕುರಿಯ ಎರಡು ಕಾಲು, ಇಲ್ಲವೆ ಕಿವಿಯ ತುಂಡು. ವಿಮೋಚನಕಾಂಡದ ಕಾನೂನಿನಂತೆ, ಬೇರೆಯವರ ಪಶುವನ್ನು ಕಾಯುವಾಗ ಮೃಗ ಅದನ್ನು ಸೀಳಿದ್ದರೆ ಉಳಿದ ಭಾಗವನ್ನು ತಂದು ತೋರಿಸಿದವನು ದಂಡ ತೆರಬೇಕಾಗಿಲ್ಲ. ಅಂದರೆ ಆಮೋಸನು ಹೇಳುವ ಆ ಅಳಿದುಳಿದ ತುಂಡು ಬದುಕಿ ಉಳಿದುದರ ಗುರುತೇ ಅಲ್ಲ, ಸತ್ತುದಕ್ಕೆ ಪುರಾವೆ. ಕೇಳಿದವರಿಗೆ ಆ ಕಾನೂನು ಗೊತ್ತಿತ್ತು. ಆದ್ದರಿಂದ ಹೋಲಿಕೆಯ ಕ್ರೌರ್ಯ ಅವರಿಗೆ ಕೂಡಲೇ ನಾಟಿರಬೇಕು.

ಇದೇ ಕಾಲದಲ್ಲಿ ಸಿಂಹ ಸಾಮ್ರಾಜ್ಯದ ಭಾಷೆಯೂ ಆಗಿತ್ತು. ಅಶ್ಶೂರದ ಅರಸರು ತಮ್ಮ ಶಾಸನಗಳಲ್ಲಿ ತಮ್ಮನ್ನು ಸಿಂಹವೆಂದು ಕರೆದುಕೊಂಡರು. ಎದ್ದುನಿಂತ ಸಿಂಹವನ್ನು ಅರಸನು ಇರಿಯುವ ಚಿತ್ರ ಅವರ ರಾಜಮುದ್ರೆಯಾಗಿತ್ತು. ಅವರ ರಾಜಧಾನಿ ನಿನೆವೆಯ ಅರಮನೆಯಲ್ಲಿ ಅಶ್ಶೂರ್‌ಬನಿಪಾಲನು ಕ್ರಿ.ಪೂ. 645ರ ಸುಮಾರಿಗೆ ಕೆತ್ತಿಸಿದ ಸಿಂಹಬೇಟೆಯ ಉಬ್ಬುಶಿಲ್ಪಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಸೆರೆಹಿಡಿದ ಸಿಂಹಗಳನ್ನು ಬೋನಿನಿಂದ ಬಿಟ್ಟು, ರಥದ ಮೇಲಿಂದ ಅರಸನು ಬಾಣ ಹೂಡಿ ಕೊಲ್ಲುವುದನ್ನು ಅವು ತೋರಿಸುತ್ತವೆ. ಕಾಡನ್ನು ಗೆದ್ದವನೇ ನಾಡನ್ನು ಆಳಲು ಯೋಗ್ಯ ಎಂಬುದು ಆ ಶಿಲ್ಪಗಳ ಘೋಷಣೆ. ಹೀಬ್ರೂ ಗ್ರಂಥದಲ್ಲಿ ಸಿಂಹಬೇಟೆಯಿಂದ ಹಿರಿಮೆ ಪಡೆದ ಇಸ್ರಾಯೇಲಿನ ಅರಸನು ಒಬ್ಬನೂ ಕಾಣಸಿಗುವುದಿಲ್ಲ. ದಾವೀದನು ಸಿಂಹವನ್ನೂ ಕರಡಿಯನ್ನೂ ಕೊಂದದ್ದು ಅರಸನಾಗುವ ಮೊದಲು, ತಂದೆಯ ಕುರಿಗಳನ್ನು ಕಾಯುತ್ತಿದ್ದಾಗ; ಅದನ್ನೂ ಅವನು ಹೇಳಿಕೊಳ್ಳುವುದು ದೇವರು ತನ್ನನ್ನು ಬಿಡಿಸಿದ ಘಟನೆಯಾಗಿ. ಸಿಂಹದ ಮೇಲಿನ ಜಯವನ್ನು ಸಿಂಹಾಸನದ ಅಲಂಕಾರವಾಗಿ ಮಾಡಿಕೊಳ್ಳದಿರುವ ಈ ಸಂಯಮ, ಸುತ್ತಲಿನ ರಾಜಸಂಸ್ಕೃತಿಗಳ ನಡುವೆ, ಹಗುರವಾಗಿ ಎಣಿಸತಕ್ಕದ್ದಲ್ಲ. ಸೊಲೊಮೋನನ ಸಿಂಹಾಸನದ ಮೆಟ್ಟಿಲುಗಳ ಮೇಲೆ ಹನ್ನೆರಡು ಸಿಂಹಗಳ ಮೂರ್ತಿಗಳಿದ್ದವು, ನಿಜ; ಆದರೆ ಅವು ಕಾವಲು ನಿಂತವು, ಬಾಣ ತಿಂದು ಬಿದ್ದವಲ್ಲ.

ಪ್ರವಾದಿಗಳು, ಅಂದರೆ ದೇವರ ಮಾತನ್ನು ಅರಸರ ಎದುರು ನಿಂತು ಸಾರಿದವರು, ಸಾಮ್ರಾಜ್ಯದ ಈ ಚಿತ್ರವನ್ನು ಅದರ ವಿರುದ್ಧವೇ ತಿರುಗಿಸಿದರು. ನಹೂಮನ ಗ್ರಂಥದ 2ನೆಯ ಅಧ್ಯಾಯದಲ್ಲಿ ನಿನೆವೆ ಒಂದು ಸಿಂಹದ ಗವಿ. ಮರಿಗಳಿಗಾಗಿ ಬೇಟೆಯನ್ನು ತುಂಬಿಸಿಟ್ಟ ಆ ಗವಿ ಎಲ್ಲಿ ಹೋಯಿತೆಂದು ಕವಿ ಕೇಳುತ್ತಾನೆ. ಆ ನಗರ ಕ್ರಿ.ಪೂ. 612ರಲ್ಲಿ ನಿಜವಾಗಿಯೂ ನೆಲಸಮವಾಯಿತು. ಸ್ವಂತ ಅರಸರನ್ನೂ ಈ ಕಾವ್ಯ ಬಿಡಲಿಲ್ಲ. ಆದಿಕಾಂಡದ 49ನೆಯ ಅಧ್ಯಾಯ ಅರಸುಮನೆತನದ ಮೂಲಪುರುಷ ಯೆಹೂದನನ್ನು ಸಿಂಹದ ಮರಿಯೆಂದು ಹರಸಿದರೆ, ಬಾಬಿಲೋನಿಗೆ ಸೆರೆಹೋಗಿದ್ದ ಯೆಹೆಜ್ಕೇಲನು ತನ್ನ 19ನೆಯ ಅಧ್ಯಾಯದಲ್ಲಿ ಆ ಹರಕೆಯನ್ನೇ ಶೋಕಗೀತೆಯಾಗಿಸಿ, ತಾಯಿಸಿಂಹ ಸಾಕಿದ ಮರಿಗಳು ಮನುಷ್ಯರನ್ನು ತಿನ್ನಲು ಕಲಿತು, ಒಂದು ಮೂಗಿಗೆ ಕೊಕ್ಕೆ ಬಿದ್ದು ಐಗುಪ್ತಕ್ಕೂ ಇನ್ನೊಂದು ಬೋನಿನಲ್ಲಿ ಬಾಬಿಲೋನಿಗೂ ಹೋದುವೆಂದು ಹಾಡುತ್ತಾನೆ. ಪ್ರಜೆಗಳನ್ನು ತಿನ್ನುವ ಅರಸನು ಕಾಯುವ ಸಿಂಹವಾಗಿ ಉಳಿಯದೆ ಜನ ಬಲೆ ಬೀಸಿ ಹಿಡಿಯುವ ಮೃಗವಾಗುತ್ತಾನೆ ಎಂಬ ರಾಜಕೀಯ ವಿಮರ್ಶೆ ಇದಕ್ಕಿಂತ ನಿಷ್ಠುರವಾಗಿ ಆ ಕಾಲದಲ್ಲಿ ನುಡಿದುದು ಅಪರೂಪ.

ದೇವರನ್ನೇ ಮೃಗವಾಗಿ ಕಾಣುವ ಧೈರ್ಯ ಹೋಶೇಯನದು. ಅವನ ಗ್ರಂಥದ 13ನೆಯ ಅಧ್ಯಾಯದಲ್ಲಿ ಯೆಹೋವನು, ಅಂದರೆ ಇಸ್ರಾಯೇಲಿನ ದೇವರು, ತನ್ನನ್ನು ಮರೆತ ಜನರ ಪಾಲಿಗೆ ಸಿಂಹವೂ ದಾರಿಯಲ್ಲಿ ಹೊಂಚುವ ಚಿರತೆಯೂ ಮರಿಗಳನ್ನು ಕಳೆದುಕೊಂಡ ಕರಡಿಯೂ ಸೀಳಿಹಾಕುವ ಕಾಡುಮೃಗವೂ ಆಗುತ್ತಾನೆ. ಒಡಂಬಡಿಕೆ ಎಂಬ ಬೇಲಿಯೊಳಗೆ ಜನರನ್ನು ಕುರುಬನಂತೆ ಕಾದ ದೇವರು, ಜನರೇ ಬೇಲಿಯನ್ನು ಮುರಿದಾಗ ಅದರಾಚೆಯಿಂದ ಬರುತ್ತಾನೆ. ಅವನು ಯಾರ ಸಾಕುಪ್ರಾಣಿಯೂ ಅಲ್ಲ. ಆದರೆ ಇದೇ ಪ್ರವಾದಿಯ 11ನೆಯ ಅಧ್ಯಾಯದಲ್ಲಿ ಆ ಸಿಂಹದ ಗರ್ಜನೆ ಚದರಿಹೋದ ಮಕ್ಕಳನ್ನು ಮನೆಗೆ ಕರೆಯುವ ಕೂಗಾಗುತ್ತದೆ. ಪ್ರಾಣಿಗೆ ನಿಗದಿಯಾದ ಅರ್ಥವಿದೆಯೆಂದು ವಾದಿಸುವವರಿಗೆ ಹೋಶೇಯನೊಬ್ಬನೇ ಸಾಕಷ್ಟು ಉತ್ತರ.

ಕರಡಿ, ಕಾಡುಹಂದಿಗಳ ವಿಚಾರವನ್ನು ಸಂಕ್ಷೇಪದಲ್ಲಿ ಹೇಳಬಹುದು. ದುಷ್ಟ ಒಡೆಯನು ಗರ್ಜಿಸುವ ಸಿಂಹ, ಅಲೆಯುವ ಕರಡಿ ಎಂದು ಜ್ಞಾನೋಕ್ತಿಗಳು ಹೇಳಿದರೆ, 80ನೆಯ ಕೀರ್ತನೆಯಲ್ಲಿ ಇಸ್ರಾಯೇಲ್ ಎಂಬ ದ್ರಾಕ್ಷಾಲತೆಯನ್ನು ಅಡವಿಯ ಹಂದಿ ಹಾಳುಮಾಡುತ್ತದೆ. ಕ್ರಿ.ಶ. 70ರಲ್ಲಿ ಯೆರೂಸಲೇಮನ್ನು ನಾಶಮಾಡಿ ಅಲ್ಲಿಯೇ ಬೀಡುಬಿಟ್ಟ ರೋಮಿನ ಹತ್ತನೆಯ ದಳದ ಲಾಂಛನಗಳಲ್ಲಿ ಕಾಡುಹಂದಿಯೂ ಒಂದಾಗಿತ್ತು. ಆ ಕೀರ್ತನೆಯ ಹಂದಿಯಲ್ಲಿ ರಬ್ಬಿಗಳು, ಅಂದರೆ ಯೆಹೂದ್ಯ ಧರ್ಮಗುರುಗಳು, ರೋಮನ್ನು ಕಂಡದ್ದು ಸಹಜವೇ.

ಇನ್ನೊಂದು ಗುಂಪಿನ ಪ್ರಾಣಿಗಳು ಯಾರನ್ನೂ ಕೊಲ್ಲುವುದಿಲ್ಲ. ಮನುಷ್ಯರು ಇಲ್ಲವಾದ ಮೇಲೆ ಬರುತ್ತವೆ. ಬಾಬಿಲೋನಿನ ಪತನವನ್ನು ಹೇಳುವ ಯೆಶಾಯನ 13ನೆಯ ಅಧ್ಯಾಯ, ಎದೋಮ್ ನಾಡಿನ ಪಾಳನ್ನು ಹೇಳುವ 34ನೆಯ ಅಧ್ಯಾಯ, ನಿನೆವೆಯ ಬಗ್ಗೆ ಚೆಫನ್ಯನ ನುಡಿಗಳು ಇವೆಲ್ಲವುಗಳಲ್ಲಿ ಗುಳ್ಳೆನರಿ, ಉಷ್ಟ್ರಪಕ್ಷಿ, ಗೂಬೆ, ಮುಳ್ಳುಹಂದಿಗಳಂಥ ಜೀವಿಗಳು ಅರಮನೆಗಳಲ್ಲಿ ನೆಲೆಸುತ್ತವೆ. ಯೆಶಾಯನ ಪಟ್ಟಿಯಲ್ಲಿ ಲಿಲಿತ್ ಎಂಬ ರಾತ್ರಿಯ ಪಿಶಾಚಿಯೂ ಅವುಗಳ ಜತೆಗಾತಿ. ಊರು ಎಂಬುದು ಅಡವಿಯಿಂದ ಸಾಲ ಪಡೆದ ನೆಲ. ಅಲ್ಲಿ ನ್ಯಾಯ ನಿಂತುಹೋದಾಗ ಸಾಲ ಕೊಟ್ಟವರಂತೆ ಈ ಜೀವಿಗಳು ಹಿಂದಿರುಗುತ್ತವೆ. ಬಾಬಿಲೋನಿಗೆ ಹೇಳಿದ್ದೇ ಯೆರೂಸಲೇಮಿಗೂ ಅನ್ವಯಿಸಿತು: ಕ್ರಿ.ಪೂ. 586ರ ವಿನಾಶದ ನಂತರದ ಪ್ರಲಾಪಗಳು, ದೇವಾಲಯವಿದ್ದ ಚೀಯೋನ್ ಬೆಟ್ಟದ ಮೇಲೆ ನರಿಗಳು ತಿರುಗಾಡುತ್ತಿರುವುದನ್ನು ಅತ್ಯಂತ ದೊಡ್ಡ ಅವಮಾನವಾಗಿ ಕಾಣುತ್ತವೆ. ಎರಡನೆಯ ದೇವಾಲಯವೂ ಬಿದ್ದ ಮೇಲಿನ ಪ್ರಸಂಗವೊಂದನ್ನು ಬಾಬಿಲೋನಿನ ತಾಲ್ಮುದ್, ಅಂದರೆ ರಬ್ಬಿಗಳ ಚರ್ಚೆಗಳ ಮಹಾಸಂಗ್ರಹ, ತನ್ನ ‘ಮಕ್ಕೋತ್’ ಎಂಬ ಭಾಗದಲ್ಲಿ ದಾಖಲಿಸಿದೆ. ದೇವಾಲಯದ ಗರ್ಭಗುಡಿಯಾದ ಅತಿಪರಿಶುದ್ಧ ಸ್ಥಳವಿದ್ದ ಜಾಗದಿಂದ ನರಿಯೊಂದು ಹೊರಬಂದುದನ್ನು ಕಂಡು ಜತೆಗಿದ್ದವರು ಅತ್ತರೆ, ರಬ್ಬಿ ಅಕಿವ ನಕ್ಕನು. ಪಾಳಾಗುವುದೆಂಬ ನುಡಿ ಇಷ್ಟು ಚಾಚೂ ತಪ್ಪದೆ ನೆರವೇರಿದ ಮೇಲೆ, ಮುದುಕ ಮುದುಕಿಯರು ಮತ್ತೆ ಈ ಬೀದಿಗಳಲ್ಲಿ ಕುಳಿತಿರುವರೆಂಬ ಜೆಕರ್ಯನ ನುಡಿಯೂ ನೆರವೇರಲೇಬೇಕು ಎಂಬುದು ಅವನ ತರ್ಕ. ಪಾಳಿನ ಪ್ರಾಣಿಯನ್ನು ಭರವಸೆಯ ಸಾಕ್ಷಿಯಾಗಿ ಓದಿದ ಈ ಮನಸ್ಸಿನ ಗಟ್ಟಿತನ ಬೆರಗು ಹುಟ್ಟಿಸುವಂಥದ್ದು.

ದಾನಿಯೇಲನ ಗ್ರಂಥಕ್ಕೆ ಬರುವ ಹೊತ್ತಿಗೆ ಪ್ರಾಣಿಗಳ ಆಕಾರವೇ ಕದಡಿಹೋಗುತ್ತದೆ. ಅರಮಾಯಿಕ್ ಭಾಷೆಯಲ್ಲಿರುವ 7ನೆಯ ಅಧ್ಯಾಯದಲ್ಲಿ ಸಮುದ್ರದಿಂದ ರೆಕ್ಕೆಯುಳ್ಳ ಸಿಂಹ, ಹಲ್ಲುಗಳ ನಡುವೆ ಪಕ್ಕೆಲುಬು ಕಚ್ಚಿದ ಕರಡಿ, ನಾಲ್ಕು ತಲೆಯ ಚಿರತೆ, ಕೊನೆಗೆ ಹೆಸರೇ ಇಲ್ಲದ, ಕಬ್ಬಿಣದ ಹಲ್ಲಿನ ಹತ್ತು ಕೊಂಬಿನ ಮೃಗ ಏರಿಬರುತ್ತವೆ. ಇವು ಒಂದರ ಹಿಂದೊಂದು ಬಂದ ಸಾಮ್ರಾಜ್ಯಗಳೆಂದು ಗ್ರಂಥವೇ ವಿವರಿಸುತ್ತದೆ. ಸೆಲ್ಯೂಸಿಡ್ ದೊರೆ ನಾಲ್ಕನೆಯ ಆಂಟಿಯೋಕಸನು ಯೆಹೂದ್ಯ ಆಚರಣೆಗಳನ್ನು ನಿಷೇಧಿಸಿ ಹಿಂಸಿಸಿದ ಕ್ರಿ.ಪೂ. 160ರ ದಶಕದಲ್ಲಿ ಈ ದರ್ಶನ ರೂಪುಗೊಂಡಿತೆಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಸಿಂಹ, ಚಿರತೆ, ಕರಡಿ, ಹೆಸರಿಲ್ಲದ ಮೃಗ ಎಂಬ ಈ ನಾಲ್ಕು ಹೋಶೇಯನ 13ನೆಯ ಅಧ್ಯಾಯದ ನಾಲ್ಕೇ ಆಗಿವೆ. ಅಲ್ಲಿ ದೇವರ ಕೋಪಕ್ಕೆ ರೂಪ ಕೊಟ್ಟ ಮೃಗಗಳು ಇಲ್ಲಿ ದೇವರು ತೀರ್ಪು ಕೊಟ್ಟು ಅಡಗಿಸುವ ರಾಜ್ಯಗಳಾಗಿವೆ. ಇವುಗಳಲ್ಲಿ ಕಾಡಿನ ಸಹಜತೆ ಉಳಿದಿಲ್ಲ; ರೆಕ್ಕೆ, ಕೊಂಬು, ತಲೆಗಳನ್ನು ಬೇಕಾದಂತೆ ಜೋಡಿಸಿಕೊಂಡ ಈ ಮಿಶ್ರಜೀವಿಗಳು ಮನುಷ್ಯರ ದುರಾಶೆಯ ಸೃಷ್ಟಿ. ಮೊದಲನೆಯ ಮೃಗಕ್ಕೆ ಕಡೆಗೆ ಮನುಷ್ಯನ ಹೃದಯ ದೊರೆಯುತ್ತದೆ. ಅದಕ್ಕೆ ಮೂರು ಅಧ್ಯಾಯಗಳ ಹಿಂದೆ, ಗರ್ವದಿಂದ ಬೀಗಿದ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನು ಮೃಗದ ಹೃದಯ ಪಡೆದು ದನಗಳಂತೆ ಹುಲ್ಲು ಮೇದಿದ್ದನು. ಕಾಡುಪ್ರಾಣಿಗಿಂತ ಭಯಂಕರವಾದದ್ದು ತನ್ನ ಎಲ್ಲೆಯನ್ನು ಮರೆತ ಅರಸನೆಂದು ದಾನಿಯೇಲನ ಗ್ರಂಥ ತಿಳಿದಿತ್ತು.

ಹಾಗಾದರೆ ಮನುಷ್ಯನಿಗೂ ಮೃಗಕ್ಕೂ ಸಂಧಾನವಿಲ್ಲವೆ? ಯೆಶಾಯನ 11ನೆಯ ಅಧ್ಯಾಯದಲ್ಲಿ ತೋಳ ಕುರಿಮರಿಯ ನೆರೆಯಲ್ಲಿ ವಾಸಿಸುತ್ತದೆ, ಸಿಂಹ ಎತ್ತಿನಂತೆ ಹುಲ್ಲು ತಿನ್ನುತ್ತದೆ, ಕೂಸು ಹಾವಿನ ಹುತ್ತದ ಬಳಿ ಆಡುತ್ತದೆ. ಈ ಚಿತ್ರದ ಮೇಲೆ ನಡೆದ ವಾದ ಬಹಳ ಹಳೆಯದು. ಯಾಜಕಕಾಂಡದ 26ನೆಯ ಅಧ್ಯಾಯದಲ್ಲಿ ದುಷ್ಟಮೃಗಗಳನ್ನು ನಾಡಿನಿಂದ ನಿಲ್ಲಿಸುವೆನೆಂಬ ವಾಗ್ದಾನವಿದೆ. ‘ಸಿಫ್ರಾ’ ಎಂಬ ಪ್ರಾಚೀನ ವ್ಯಾಖ್ಯಾನದಲ್ಲಿ ಅದರ ಬಗ್ಗೆ ಇಬ್ಬರು ರಬ್ಬಿಗಳು ಭಿನ್ನರಾಗುತ್ತಾರೆ: ದೇವರು ಅವುಗಳನ್ನು ಲೋಕದಿಂದಲೇ ತೆಗೆದುಹಾಕುವನೆಂದು ರಬ್ಬಿ ಯೆಹೂದ ಹೇಳಿದರೆ, ಅವು ಇದ್ದೂ ಕೇಡು ಮಾಡದಂತೆ ಮಾಡುವನೆಂದು ರಬ್ಬಿ ಶಿಮೋನನ ಮತ. ಕೇಡು ಮಾಡುವ ಜೀವಿಯೇ ಇಲ್ಲದಿರುವುದು ದೇವರಿಗೆ ಹೆಚ್ಚಿನ ಸ್ತುತಿಯೋ, ಇದ್ದೂ ಕೇಡು ಮಾಡದಿರುವುದು ಹೆಚ್ಚಿನದೋ ಎಂಬ ಶಿಮೋನನ ಪ್ರಶ್ನೆಗೆ ಇಂದಿಗೂ ಬೆಲೆ ಇದೆ. 12ನೆಯ ಶತಮಾನದ ಮಹಾಪಂಡಿತ ಮೈಮೊನಿಡೀಸನು ಯೆಶಾಯನ ಮಾತನ್ನು ಉಪಮೆಯೆಂದೇ ಓದಿ, ತೋಳವೆಂದರೆ ಇಸ್ರಾಯೇಲನ್ನು ಪೀಡಿಸುವ ಜನಾಂಗಗಳು, ಲೋಕದ ಸಹಜಕ್ರಮ ಬದಲಾಗುವುದಿಲ್ಲ ಎಂದನು. 13ನೆಯ ಶತಮಾನದ ನಹ್ಮನಿಡೀಸನು ಮೃಗಗಳ ಹಿಂಸೆ ಮನುಷ್ಯನ ಪಾಪದಿಂದ ಬಂದದ್ದು, ಮೊದಲ ಸೃಷ್ಟಿಯಲ್ಲಿ ಅವಕ್ಕೂ ಹಸಿರೇ ಆಹಾರವಾಗಿತ್ತು ಎಂದು ಆದಿಕಾಂಡವನ್ನು ನೆನೆದು ಶಿಮೋನನ ಪಕ್ಷ ಹಿಡಿದನು. ಮೈಮೊನಿಡೀಸನ ಓದಿನಲ್ಲಿ ತರ್ಕದ ಅಚ್ಚುಕಟ್ಟು ಇದ್ದರೂ ಆ ಓದಿನಲ್ಲಿ ತೋಳ ಕಣ್ಮರೆಯಾಗಿ ಬರಿಯ ಸಂಕೇತ ಉಳಿಯುತ್ತದೆ; ಶಿಮೋನನೂ ನಹ್ಮನಿಡೀಸನೂ ತೋಳವನ್ನು ತೋಳವಾಗಿಯೇ ಉಳಿಸಿಕೊಂಡರು, ಮತ್ತು ಗ್ರಂಥದ ಒಲವು ಅವರ ಕಡೆಗಿದೆ.

ಈ ಒಲವಿಗೆ ಆಧಾರ ಎರಡು ಮಹಾಕವಿತೆಗಳಲ್ಲಿದೆ. ಮೊದಲನೆಯದು 104ನೆಯ ಕೀರ್ತನೆ. ಕ್ರಿ.ಪೂ. 14ನೆಯ ಶತಮಾನದ ಐಗುಪ್ತದಲ್ಲಿ ಅಖೆನಾತೆನನ ಕಾಲದಲ್ಲಿ ರಚಿತವಾದ ಸೂರ್ಯಸ್ತೋತ್ರಕ್ಕೂ ಇದಕ್ಕೂ ಇರುವ ಹೋಲಿಕೆ ವಿದ್ವಾಂಸರಿಗೆ ಚಿರಪರಿಚಿತ. ಎರಡರಲ್ಲೂ ರಾತ್ರಿ ಸಿಂಹ ಹೊರಬರುತ್ತದೆ. ಆದರೆ ಐಗುಪ್ತದ ಸ್ತೋತ್ರದಲ್ಲಿ ಅದು ಸೂರ್ಯದೇವನಿಲ್ಲದ ಕತ್ತಲೆಯ ಅಪಾಯ, ಕೀರ್ತನೆಯಲ್ಲಿ ದೇವರ ಬಳಿ ಆಹಾರ ಬೇಡುವ ಪ್ರಾರ್ಥನೆ. ಹಗಲು ಮನುಷ್ಯನಿಗೆ, ರಾತ್ರಿ ಸಿಂಹಕ್ಕೆ ಎಂದು ಕೀರ್ತನಕಾರನು ಒಂದೇ ನೆಲವನ್ನು ಹೊತ್ತಿನ ಪ್ರಕಾರ ಹಂಚಿಕೊಡುತ್ತಾನೆ.

ಎರಡನೆಯದು ಯೋಬನ ಗ್ರಂಥದ 38ರಿಂದ 41ರವರೆಗಿನ ಅಧ್ಯಾಯಗಳು. ತಪ್ಪಿಲ್ಲದೆ ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನು ದೇವರಿಂದ ನ್ಯಾಯ ಕೇಳುತ್ತಾನೆ. ಬಿರುಗಾಳಿಯೊಳಗಿಂದ ಬಂದ ಉತ್ತರದಲ್ಲಿ ಅವನ ಮೊಕದ್ದಮೆಯ ನೇರ ವಿಚಾರಣೆ ಇಲ್ಲದೆ, ಕಾಡುಪ್ರಾಣಿಗಳ ಒಂದು ದೀರ್ಘ ಮೆರವಣಿಗೆ ಇದೆ. ಸಿಂಹದ ಮರಿಗಳಿಗೆ ಬೇಟೆ ಒದಗಿಸುವವನು ನೀನೋ, ಬೆಟ್ಟದ ಮೇಕೆ ಈಯುವ ಹೊತ್ತು ನಿನಗೆ ತಿಳಿದಿದೆಯೋ, ಕಾಡೆತ್ತು ನಿನ್ನ ಗೋದಲಿಯಲ್ಲಿ ರಾತ್ರಿ ಕಳೆಯುವುದೋ ಎಂಬ ಪ್ರಶ್ನೆಗಳ ಮೇಲೆ ಪ್ರಶ್ನೆಗಳು ಬರುತ್ತವೆ. ಕಾಡುಕತ್ತೆ ಊರಿನ ಗದ್ದಲವನ್ನು ಕಂಡು ನಗುತ್ತದೆ, ಹೊಡೆಯುವವನ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಮನುಷ್ಯನೇ ಇಲ್ಲದ ನೆಲದ ಮೇಲೂ ಮಳೆ ಸುರಿಯುತ್ತದೆ. ಕೊನೆಯಲ್ಲಿ ಬರುವ ಬೆಹೇಮೋತ್ ಮತ್ತು ಲಿವ್ಯಾತಾನ್ ಎಂಬ ಮಹಾಜೀವಿಗಳನ್ನು 1663ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಬೊಶಾರನ ಬೃಹದ್ಗ್ರಂಥದಿಂದೀಚೆಗೆ ನೀರಾನೆ ಮತ್ತು ಮೊಸಳೆ ಎಂದು ಗುರುತಿಸುವುದುಂಟು; ಪುರಾಣದ ದೈತ್ಯರ ನೆರಳೂ ಅವುಗಳ ಮೇಲೆ ಬಿದ್ದಿದೆ. ಸ್ವಿಸ್ ವಿದ್ವಾಂಸ ಓಥ್ಮಾರ್ ಕೀಲ್ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಕೈಗಳಲ್ಲಿ ಎರಡು ಮೃಗಗಳನ್ನು ಹಿಡಿದು ನಿಂತ ‘ಮೃಗಗಳ ಒಡೆಯ’ ಎಂಬ ಮುದ್ರಾಚಿತ್ರದ ಸಂಪ್ರದಾಯಕ್ಕೂ ಈ ಅಧ್ಯಾಯಗಳಿಗೂ ನಂಟು ತೋರಿಸಿದನು. ಆ ಮುದ್ರೆಗಳಲ್ಲಿ ಒಡೆಯನು ಮೃಗಗಳನ್ನು ಅದುಮಿ ಹಿಡಿಯುತ್ತಾನೆ. ಯೋಬನ ದೇವರು ಅವುಗಳಿಗೆ ಉಣಿಸುತ್ತಾನೆ, ಅವುಗಳ ಕಟ್ಟು ಬಿಚ್ಚುತ್ತಾನೆ, ಅವುಗಳ ಬಗ್ಗೆ ಹೆಮ್ಮೆಪಡುತ್ತಾನೆ.

ಇಲ್ಲಿ ಸೂಕ್ಷ್ಮವಾದ ಒಂದು ಹೆಣಿಗೆ ಇದೆ. 30ನೆಯ ಅಧ್ಯಾಯದಲ್ಲಿ ಯೋಬನು ತಾನು ಗುಳ್ಳೆನರಿಗಳಿಗೆ ತಮ್ಮನೂ ಉಷ್ಟ್ರಪಕ್ಷಿಗಳಿಗೆ ಜತೆಗಾರನೂ ಆದೆನೆಂದು ಗೋಳಾಡಿದ್ದನು. ಯೆಶಾಯನ ಪಾಳೂರಿನ ಪ್ರಾಣಿಗಳೇ ಅವು, ಅವನ ಬಾಯಲ್ಲಿ ಬಹಿಷ್ಕಾರದ ಗುರುತುಗಳು. 39ನೆಯ ಅಧ್ಯಾಯದಲ್ಲಿ ದೇವರು ಉಷ್ಟ್ರಪಕ್ಷಿಯನ್ನು ಮತ್ತೆ ಕರೆತರುತ್ತಾನೆ. ಅದು ಮೊಟ್ಟೆಗಳನ್ನು ಮರಳಿನಲ್ಲಿ ಬಿಟ್ಟುಹೋಗುವ, ವಿವೇಕ ಸಾಲದ ಹಕ್ಕಿಯೇ ಸರಿ. ಆದರೂ ರೆಕ್ಕೆ ಬಿಚ್ಚಿ ಓಡತೊಡಗಿದರೆ ಕುದುರೆಯನ್ನೂ ಸವಾರನನ್ನೂ ಕಂಡು ನಗುತ್ತದೆ. ಯೋಬನು ಅವಮಾನವೆಂದು ಎಣಿಸಿದ ನೆಂಟಸ್ತಿಕೆಯನ್ನು ದೇವರು ಅಲ್ಲಗಳೆಯುವುದಿಲ್ಲ, ಅದರ ಬೆಲೆಯನ್ನು ತಿದ್ದುತ್ತಾನೆ. ಮನುಷ್ಯನ ಉಪಯೋಗಕ್ಕೆ ಬಾರದ, ಅವನ ಮಾತು ಕೇಳದ ಜೀವಿಗಳಿಗೂ ಲೋಕದಲ್ಲಿ ಸ್ವಂತ ಜಾಗವಿದೆ ಎಂದು ಇಷ್ಟು ಸ್ಪಷ್ಟವಾಗಿ ಸಾರಿದ ಭಾಗ ಇಡೀ ಹೀಬ್ರೂ ಗ್ರಂಥದಲ್ಲಿ ಇನ್ನೊಂದಿಲ್ಲ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಮನುಷ್ಯನಿಗೆ ದೊರೆತ ದೊರೆತನವನ್ನು ಮಾತ್ರ ಎತ್ತಿ ಹಿಡಿದು ಈ ಗ್ರಂಥವನ್ನು ಹೊಗಳುವವರೂ ತೆಗಳುವವರೂ ಈ ನಾಲ್ಕು ಅಧ್ಯಾಯಗಳನ್ನು ಓದದೆ ಮಾತಾಡುವುದು ಅನ್ಯಾಯ.

ಯೋಬನಿಗೆ ತೋರಿಸಿದ ಪ್ರಾಣಿಗಳಲ್ಲಿ ಹಲವು ಈಗ ಆ ನಾಡಿನಲ್ಲಿಲ್ಲ. ಯೊರ್ದನಿನ ಸಿಂಹ ಮಧ್ಯಯುಗದಲ್ಲೇ ಅಳಿಯಿತು. ಕಾಡೆತ್ತಿನ ಕುಲದ ಕೊನೆಯ ಪ್ರಾಣಿ 1627ರಲ್ಲಿ ಪೋಲೆಂಡಿನಲ್ಲಿ ಸತ್ತಿತು. ಸಿರಿಯಾದ ಕಾಡುಕತ್ತೆ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಇಲ್ಲವಾಯಿತು. ಆ ಸಿಂಹದ ಬಳಗವಾದ ಏಷ್ಯಾದ ಸಿಂಹ ಇಂದು ಬಯಲಿನಲ್ಲಿ ಸ್ವತಂತ್ರವಾಗಿ ಬದುಕಿರುವುದು ಗುಜರಾತಿನ ಗಿರ್ ಅರಣ್ಯ ಮತ್ತು ಅದರ ಸುತ್ತಲಿನ ಸೌರಾಷ್ಟ್ರದಲ್ಲಿ ಮಾತ್ರ. ಆ ಕಾಡುಕತ್ತೆಯ ಹತ್ತಿರದ ನೆಂಟನಾದ ಭಾರತದ ಕಾಡುಕತ್ತೆ ಅದೇ ರಾಜ್ಯದ ಕಛ್‌ನ ಚಿಕ್ಕ ರಣದಲ್ಲಿದೆ. ಯೋಬನ ಗ್ರಂಥವನ್ನು ಕನ್ನಡದಲ್ಲಿ ತೆರೆಯುವ ಓದುಗರು, ಅಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರಿಸಬೇಕಾದ ಹೊಣೆ ಈಗ ಭಾರತದ ಮೇಲಿದೆ ಎಂಬುದನ್ನು ತಿಳಿದು ಓದಬೇಕು.